ತೂತಿಲ್ಲದ ಕೀರೆಸೊಪ್ಪು

ಕೊಳ್ಳೇಗಾಲದ ಬಸ್‌ಸ್ಟ್ಯಾಂಡ್ ಪಕ್ಕ, ಬೆಳಕು ಹರಿಯುವ ಹೊತ್ತು. ಬಂಡಳ್ಳಿಯಿಂದ ಮೊದಲ ಬಸ್ಸಿಗೇ ಬಂದ ದೊಡ್ಡಬಸಮ್ಮ ಗೋಣಿತಾಟು ಹಾಸಿ, ಕೀರೆಸೊಪ್ಪಿನ ಕಟ್ಟುಗಳಿಗೆ ನೀರು ಚಿಮುಕಿಸುತ್ತಾರೆ. ಔಷಧಿ ಹೊಡೆಯದ ಸೊಪ್ಪೆಂದು ಹೆಸರಾಗಿರುವುದರಿಂದ ವಾಕಿಂಗ್ ಮುಗಿಸಿದವರು ಇಲ್ಲೇ ನಿಲ್ಲುತ್ತಾರೆ. ನಿಂತು, ಎಲೆ ಮಗುಚಿ, ಹುಳು ತಿಂದ ತೂತು ಹುಡುಕುತ್ತಾರೆ. ತೂತಿದ್ದರೆ ಸಾವಯವ, ಇಲ್ಲದಿದ್ದರೆ ವಿಷ. ಗಿರಾಕಿಗಳ ಲೆಕ್ಕ ಅಷ್ಟೇ!

ಗಂಡ ಪುಟ್ಟಮಾದಪ್ಪ ಔಷಧಿ ಹೊಡೆಯುವಾಗ ತಲೆ ತಿರುಗಿ ಬಿದ್ದು, ಆಸ್ಪತ್ರೆಯಲ್ಲಿ ಮಲಗಿ ಎದ್ದು ಬಂದ ದಿನವೇ ಈ ಮನೆಯ ಔಷಧಿ ಪಂಪು ಅಟ್ಟಕ್ಕೇರಿತು. "ಮೊದ್ಲೆಲ್ಲ ಉಳ ಉಂಡು ಮಿಕ್ಕಿದ್ದು ನಮ್ಗೆ ಸಾ," ಎಂದು ನಗುತ್ತಾರೆ ದೊಡ್ಡಬಸಮ್ಮ. ಬೇವಿನ ಬೀಜ ಕುಟ್ಟಿ, ನೆನೆಸಿ, ಸೋಸಿ ಹಾಕುವುದನ್ನು ಬಿದ್ದು ಎದ್ದು ಕಲಿತರು. ಈ ವರ್ಷ ಹುಳು ಸುಳಿಯಲಿಲ್ಲ, ಎಲೆಯಲ್ಲಿ ಹುಡುಕಿದರೂ ತೂತಿಲ್ಲ.

ಖಾಯಂ ಗಿರಾಕಿ ರತ್ನ ಕಟ್ಟು ಎತ್ತಿ ನೋಡಿ ಕೆಳಗಿಟ್ಟರು. "ಇಷ್ಟು ನೀಟಾಗಿದೆ ಅಂದ್ರೆ ನೀನೂ ಹೊಡೆಯೋಕೆ ಶುರು ಮಾಡಿದೀಯ ಬಿಡಮ್ಮ." ಸುದ್ದಿ ಹಬ್ಬಿ, ವಾರವಿಡೀ ಸೊಪ್ಪು ಹಸುವಿನ ಪಾಲಾಯಿತು.

ಕಳೆದ ಸೋಮವಾರ ಇದ್ದಕ್ಕಿದ್ದಂತೆ ಎಲ್ಲರೂ ಮುಗಿಬಿದ್ದರು. ನೋಡಿದರೆ ಎಲೆ ತುಂಬ ತೂತು! ಹಿಂದಿನ ಸಂಜೆ ತಾವೇ ಕಟ್ಟಿದ ಸೊಪ್ಪು, ಆಗ ಒಂದೂ ಇರಲಿಲ್ಲ. ಉಳಿದ ಎಲೆಯನ್ನು ಮೂಗಿಗೆ ಹಿಡಿದರು. ಊದುಬತ್ತಿಯ ವಾಸನೆ.

ಮನೆಗೆ ಬಂದು ಕೇಳಿದರೆ ಸೊಸೆ ಯಶೋದ ಮುಚ್ಚಿಡಲಿಲ್ಲ. "ಊಂ ಕನತ್ತೆ, ಬೆಟ್ಟದ್ ಮಾದಪ್ಪನ ಪಟಕ್ಕೆ ಅಚ್ಚಿದ್ನಲ್ಲ, ಆ ಕಡ್ಡೀಲೇ ಸುಟ್ಟೆ. ತೂತಿದ್ರೆ ತಾನೇ ಅವ್ರು ತಕಳದು?"

ವಿಷ ಬಿಟ್ಟ ಮನೆಯಲ್ಲಿ ಮೋಸ, ಅದೂ ದೇವರಿಗೆ ಹಚ್ಚಿದ ಕಡ್ಡಿಯಲ್ಲಿ!

ಮರುಬೆಳಿಗ್ಗೆ ರತ್ನ ಬಂದ ಕೂಡಲೇ ದೊಡ್ಡಬಸಮ್ಮ ಹೇಳಿಬಿಟ್ಟರು. "ನೆನ್ನೆ ತಕಂಡೋದ್ರಲ್ಲ, ಅವು ಉಳ ತಿಂದ ತೂತಲ್ಲ ಕನವ್ವ. ನನ್ ಸೊಸೆ ಸುಟ್ಟಿದ್ದು. ತಪ್ಪಾಯ್ತು."

ಆಮೇಲೆ ರತ್ನ ಮಾಡಿದ್ದೇನು ಗೊತ್ತೇ? ಪಕ್ಕದ ಅಂಗಡಿಗೆ ಹೋಗಿ, ಎಲೆ ಮಗುಚಿ, ತೂತಿರುವ ಕಟ್ಟನ್ನೇ ಆರಿಸಿಕೊಂಡರು. ಆ ಸೊಪ್ಪಿಗೆ ಏನೇನು ಹೊಡೆದಿದ್ದಾರೆಂದು ಕೇಳಲೂ ಇಲ್ಲ.

ಇವತ್ತೂ ಬುಟ್ಟಿಯಲ್ಲಿ ಅರ್ಧ ಹಾಗೇ ಇದೆ. ಸೊಸೆಯ ದಾರಿಯೇ ವಾಸಿ ಅನ್ನಿಸುವುದಿಲ್ಲವೇ ಎಂದರೆ ದೊಡ್ಡಬಸಮ್ಮ ಒಂದು ಎಲೆಯನ್ನು ಅಂಗೈ ಮೇಲೆ ಹರಡಿ ತೋರಿಸುತ್ತಾರೆ.

"ತೂತಿಲ್ದಂಗೆ ಬೆಳಿಯಕೆ ಎಷ್ಟ್ ವರ್ಸ ಒದ್ದಾಡಿದೀನಿ ಸಾ. ಅದ್ನ ನಾನೇ ಯಾಕ್ ಸುಡ್ಲಿ?"