ಪ್ಯೂರ್ ವೆಜ್ ಮೊಸಳೆ

ಡೊಂಬಿವಲಿಯಲ್ಲಿ ಭಾನುವಾರದ ಕನ್ನಡ ತರಗತಿ ನಡೆಸುತ್ತಿದ್ದಾಗ ಒಮ್ಮೆ ಮಕ್ಕಳನ್ನು ಲೋಕಲ್ ರೈಲು ಹತ್ತಿಸಿ ಮುಂಬಯಿಯ ಪ್ರಾಣಿಸಂಗ್ರಹಾಲಯಕ್ಕೆ ಕರೆದೊಯ್ದಿದ್ದೆ. ಕೆಲವು ತಾಯಂದಿರೂ ಜೊತೆಗಿದ್ದರು. ಕೊಳದ ದಂಡೆಯಲ್ಲಿ ಮೊಸಳೆ ಬಾಯಿ ಅಗಲಿಸಿ ಬಿದ್ದುಕೊಂಡಿತ್ತು. ಅದು ಬೆವರುವುದಿಲ್ಲ, ಮೈ ಕಾದಾಗ ಹೀಗೆ ಬಾಯಿ ತೆರೆದು ತಂಪು ಮಾಡಿಕೊಳ್ಳುತ್ತದೆ, ಮೀನು ಹಕ್ಕಿಗಳನ್ನು ಹಿಡಿದು ತಿನ್ನುತ್ತದೆ ಎಂದು ವಿವರಿಸುತ್ತಿದ್ದೆ.

“ಅಯ್ಯೋ, ಅದಕ್ಕೆ ಹಸಿವಾಗಿದೆ ಟೀಚರ್,” ಎಂದರು ಉಡುಪಿ ಕಡೆಯ ಒಬ್ಬ ತಾಯಿ. “ನಮ್ಮ ಊರ ಬದಿ ದೇವಸ್ಥಾನದ ಕೆರೆಯಲ್ಲಿ ಒಂದು ಮೊಸಳೆ ಉಂಟು. ನೈವೇದ್ಯದ ಅನ್ನ ಬಿಟ್ಟು ಬೇರೆ ಮುಟ್ಟುದಿಲ್ಲ. ಪ್ಯೂರ್ ವೆಜ್!”

ನಾನು ತಡೆಯುವಷ್ಟರಲ್ಲಿ ಪರ್ಸಿನಿಂದ ಪೂಜೆಯ ಪ್ರಸಾದ ತೆಗೆದು, ಪ್ಲಾಸ್ಟಿಕ್ ಸಮೇತ ಬೇಲಿಯಾಚೆ ಎಸೆದು ಕೈಮುಗಿದರು.

ಅಷ್ಟೇ ಸಾಕಾಯಿತು. ಸುತ್ತ ನಿಂತವರೆಲ್ಲ ವಡಾಪಾವ್, ವೇಫರ್ ಪ್ಯಾಕೆಟ್ಟು, ಅರ್ಧ ಕುಡಿದ ಬಾಟಲಿ ಎಸೆಯತೊಡಗಿದರು. ಪಾಚಿಗಟ್ಟಿದ ನೀರಿನಲ್ಲಿ ಪಾವ್ ಉಬ್ಬಿ ಒಡೆದು ಎಣ್ಣೆ ತೇಲಿತು. ಬಾಟಲಿಯೊಂದು ಮೊಸಳೆಯ ಬೆನ್ನಿಗೆ ತಗಲಿದಾಗ ಕೇಕೆ ಹಾಕಿದವರಲ್ಲಿ ನಾನು ಕರೆತಂದ ಮಕ್ಕಳೂ ಇದ್ದರು. ಛೀ! ಮೊಸಳೆ ಬಾಯಿ ಮುಚ್ಚಿ ನೀರಿಗಿಳಿಯಿತು.

“ನೋಡಿ, ಪ್ರಸಾದ ತಿನ್ಲಿಕ್ಕೆ ಹೋಯ್ತು,” ಎಂದರು ಆ ತಾಯಿ.

ಮುಂದಿನ ಭಾನುವಾರ ತರಗತಿಯಲ್ಲಿ, ಮೊಸಳೆ ಏನು ತಿನ್ನುತ್ತದೆ ಎಂದು ಕೇಳಿದೆ. ಏನು ಕೇಳಿದರೂ ಹಿಂದಿಯಲ್ಲೇ ಉತ್ತರಿಸುತ್ತಿದ್ದ ಮಕ್ಕಳು ಅಂದು ಒಕ್ಕೊರಲಿನಿಂದ, ಸ್ವಚ್ಛ ಕನ್ನಡದಲ್ಲಿ ಹೇಳಿದರು:

“ಪ್ರಸಾದ ತಿನ್ನುತ್ತದೆ, ಟೀಚರ್!”