ಕೆಂಗೇರಿ ಎಂದೆ

ನಮ್ಮ ಆಫೀಸಿನಿಂದ ಮೆಕ್ಸಿಕೋಗೆ ಊದುಬತ್ತಿ ಹೋಗುತ್ತಿತ್ತು. ಅಲ್ಲಿಂದ ಪತ್ರಗಳು ಸ್ಪ್ಯಾನಿಷ್‌ನಲ್ಲಿ ಬರುತ್ತಿದ್ದವು. ಯಾರಾದರೂ ಒಬ್ಬರು ಆ ಭಾಷೆ ಕಲಿಯಿರಿ ಎಂದು ಓನರ್ ಹೇಳಿದಾಗ ನಾನು ಕೈಯೆತ್ತಿದೆ. ಭಾಷೆಯ ಮೇಲಿನ ಆಸೆಗಲ್ಲ. ಅಕ್ಕ ಮದುವೆಯಾಗಿ ಹೋಗಿ ಕೆಲವು ತಿಂಗಳಾಗಿತ್ತಷ್ಟೆ; ಸಂಜೆ ಬೇಗ ಮನೆ ಸೇರಿ ಮಾಡುವುದೇನೂ ಇರಲಿಲ್ಲ.

ಅವಳ ಮದುವೆಗೆ ಮೊದಲು ಇಬ್ಬರೂ ಒಟ್ಟಿಗೇ ಕೆಲಸಕ್ಕೆ ಹೊರಡುತ್ತಿದ್ದೆವು. ಅವಳು ಚಿಕ್ಕಪೇಟೆಯ ಸೀರೆ ಅಂಗಡಿಗೆ, ನಾನು ಗಾಂಧಿನಗರಕ್ಕೆ. ನಮ್ಮ ಮನೆ ಕೆಂಗೇರಿಯಲ್ಲಿ, ಸ್ಟೇಷನ್ನಿಗೆ ಹತ್ತಿರ. ಪ್ಯಾಸೆಂಜರ್ ರೈಲು ಯಾವಾಗಲೂ ತಡ. ಕಲ್ಲುಬೆಂಚಿನ ಮೇಲೆ ಕೂತು ಒಂದೇ ಡಬ್ಬಿಯಿಂದ ಚಿತ್ರಾನ್ನ ತಿನ್ನುತ್ತಿದ್ದೆವು. ಕಡಲೆಬೀಜವನ್ನೆಲ್ಲ ಅಕ್ಕ ನನ್ನ ಕಡೆಗೆ ತಳ್ಳುತ್ತಿದ್ದಳು. ರೈಲು ಬಂದರೇನೇ ನನಗೆ ಬೇಜಾರು.

ಭಾವನಿಗೆ ಗುಲ್ಬರ್ಗದಲ್ಲಿ ಕೆಲಸ. ಅಕ್ಕ ಅಲ್ಲಿಗೆ ಹೋದ ಮೇಲೆ ನಾನು ರೈಲು ಬಿಟ್ಟು ಬಸ್ಸಿನಲ್ಲಿ ಓಡಾಡತೊಡಗಿದೆ.

ಕ್ಲಾಸು ರಾಜಾಜಿನಗರದ ಒಂದು ಮನೆಯ ಮಹಡಿಯಲ್ಲಿ. ಸ್ಪೇನ್‌ನಲ್ಲಿ ಕೆಲವು ವರ್ಷ ಇದ್ದು ಬಂದ ಮೇಡಂ ಕಲಿಸುತ್ತಿದ್ದರು. ಒಂದು ಸಂಜೆ ಅವರು ಸ್ಪ್ಯಾನಿಷ್‌ನಲ್ಲೇ ನನ್ನನ್ನು ಕೇಳಿದರು: ನಿನಗೆ ಯಾವ ‘ಎಸ್ತಾಸಿಯೋನ್’ ಇಷ್ಟ? ಆ ಪದಕ್ಕೆ ರೈಲ್ವೆ ಸ್ಟೇಷನ್ ಎಂಬ ಅರ್ಥವನ್ನು ಹಿಂದಿನ ವಾರವಷ್ಟೇ ಕಲಿತಿದ್ದೆ. ಯೋಚಿಸದೆ “ಕೆಂಗೇರಿ” ಎಂದೆ.

ಎಲ್ಲರೂ ನಕ್ಕರು. ಮೇಡಂ ಕೂಡ.

“ನಿನ್ ತಪ್ಪಲ್ಲ ಬಿಡಮ್ಮ. ಆ ಪದಕ್ಕೆ ಋತು ಅಂತಾನೂ ಅರ್ಥ ಇದೆ. ಬೇಸಿಗೆ, ಮಳೆಗಾಲ, ಚಳಿಗಾಲ, ಯಾವ್ದಿಷ್ಟ ಅಂತ ಕೇಳ್ದೆ.”

ಉತ್ತರ ಹುಡುಕಿದೆ. ಯಾವ ಕಾಲವನ್ನು ನೆನೆದರೂ ಅದೇ ಬೆಂಚು, ಪಕ್ಕದಲ್ಲಿ ಅಕ್ಕ.

“ಕೆಂಗೇರಿನೇ ಇರ್ಲಿ ಮೇಡಂ,” ಎಂದೆ. ಮತ್ತೆ ನಗು ಎದ್ದಿತು. ನಾನೂ ನಕ್ಕೆ. ಆದರೆ ಕಣ್ಣು ತುಂಬಿ ಬಂದು, ಏನೋ ಕಳೆದುಕೊಂಡವಳಂತೆ ಬಗ್ಗಿ ಬ್ಯಾಗಿನಲ್ಲಿ ಹುಡುಕುತ್ತ ಕೂತೆ.

ಭಾನುವಾರ ಫೋನಿನಲ್ಲಿ ಅಕ್ಕನಿಗೆ ಹೇಳಿದೆ.

“ಅಯ್ಯೋ ಪೆದ್ದಿ! ಅಷ್ಟು ಜನರ ಮುಂದೆ ಹಂಗಂದ್ಯಾ?” ಅವಳು ಬಿದ್ದು ಬಿದ್ದು ನಕ್ಕಳು.

“ನಿಂಗೆ ಯಾವ ಕಾಲ ಇಷ್ಟ ಅಕ್ಕ?”

“ಇಲ್ಲಿರೋದು ಒಂದೇ ಕಾಲ ಕಣೇ, ಬಿಸ್ಲು. ಬೆಳಿಗ್ಗೆ ಇವ್ರು ಹೋದ್ಮೇಲೆ ಒಬ್ಳೇ ತಿಂಡಿ ಮುಂದಿಟ್ಕೊಂಡು ಕೂತಿರ್ತೀನಿ. ಗಂಟಲಲ್ಲಿ ಇಳಿಯಲ್ಲ.” ಆಮೇಲೆ ಮಾತು ತಿರುಗಿಸಿ, “ನೀನು ಸರಿಯಾಗಿ ತಿಂತಿದೀಯ ತಾನೇ?” ಎಂದಳು.

ಹೂಂ ಎಂದೆ.

ಮುಂದಿನ ಭಾನುವಾರ ಅವಳೇ ಫೋನ್ ಮಾಡಿದಳು. “ಈ ವಾರ ಏನ್ ಕಲ್ತೆ, ನಂಗೂ ಹೇಳ್ಕೊಡು.” ನಾನು ಒಂದೊಂದೇ ಪದ ಹೇಳುತ್ತ ಹೋದೆ. ಅವಳು ಅಡುಗೆ ಮಾಡುತ್ತಲೇ ತಪ್ಪುತಪ್ಪಾಗಿ ಹೇಳಿಕೊಳ್ಳುತ್ತಿದ್ದಳು. ನಾನು ತಿದ್ದಲಿಲ್ಲ.