ಮದುವೆ ಊಟಕ್ಕೆ ಕುಳಿತ ಅಮ್ಮ

ಇವತ್ತು ಯಲಹಂಕದ ಬಸ್ಸಿನಲ್ಲಿ ಒಬ್ಬ ಹೆಂಗಸು ಬಿಳಿ ಮಚ್ಚೆಗಳಿದ್ದ ಕೈಯನ್ನು ಸೆರಗಿನೊಳಗೆ ಅಡಗಿಸಿಕೊಂಡು ನಿಂತಿದ್ದಳು. ನನ್ನಮ್ಮನೂ ಹೀಗೇ ನಿಲ್ಲುತ್ತಿದ್ದಳು.

ಚಿಕ್ಕಜಾಲದ ನಮ್ಮ ಮನೆಯಲ್ಲಿ, ತೊನ್ನು ಬಂದಿದ್ದ ಅಮ್ಮನಿಗೆ ಬೇರೆ ತಟ್ಟೆ, ಬೇರೆ ಲೋಟ. ಅವಳು ಕಟ್ಟಿದ ಮುದ್ದೆಯನ್ನು ಅಜ್ಜಿ ಮುಟ್ಟುತ್ತಿರಲಿಲ್ಲ. ಅಪ್ಪ ಅವಳನ್ನು ನಾಲ್ಕು ಜನರಿರುವ ಕಡೆ ಕರೆದೊಯ್ಯುತ್ತಿರಲಿಲ್ಲ.

ಪಕ್ಕದ ಬೀದಿಯ ಶೀಟಿನ ಮನೆಯಲ್ಲಿ ಭಾನುವಾರ ಪ್ರಾರ್ಥನೆ ನಡೆಯುತ್ತಿತ್ತು. ಅಮ್ಮ ಒಮ್ಮೆ ನನ್ನನ್ನೂ ಕರೆದುಕೊಂಡು ಅಲ್ಲಿಗೆ ಹೋದಳು. ಪಾಸ್ಟರ ಹೆಂಡತಿ ಅವಳ ಎರಡೂ ಕೈಗಳನ್ನು ತಮ್ಮ ಕೆನ್ನೆಗೆ ಒತ್ತಿಕೊಂಡು, "ಯೇಸಪ್ಪನಿಗೆ ನೀನು ಹಿಂಗೇ ಇಷ್ಟ ಕಣಮ್ಮ" ಎಂದರು. ಅಮ್ಮ ಬಿಕ್ಕಿಬಿಕ್ಕಿ ಅತ್ತಳು. ಆಮೇಲೆ ಪ್ರತಿ ವಾರವೂ ಹೋದಳು. ಗಟ್ಟಿಯಾಗಿ ಹಾಡುವುದನ್ನು ಕಲಿತಳು.

ಆ ಬೇಸಿಗೆಯಲ್ಲಿ ಚಿಕ್ಕಪ್ಪನ ಮದುವೆ. ಅಮ್ಮ ಗಿಡ್ಡ ತೋಳಿನ ರವಿಕೆ ತೊಟ್ಟು ತಾನಾಗಿಯೇ ಬಂದು ಎಲ್ಲರ ಜೊತೆ ಪಂಕ್ತಿಯಲ್ಲಿ ಕುಳಿತಳು.

"ಸೆರಗು ಒದ್ಕೊಳ್ಳೇ, ಬೀಗ್ರು ನೋಡ್ತಾವ್ರೆ" ಎಂದು ಅಜ್ಜಿ ಗದರಿದಳು.

"ನೋಡ್ಲಿ ಬಿಡಿ ಅತ್ತೆ. ದೇವ್ರೇ ನನ್ ನೋಡಿ ಮುಖ ತಿರುಗಿಸ್ಕೊಂಡಿಲ್ಲ, ಇವ್ರದೇನು?"

ಪಕ್ಕದವರು ಒಬ್ಬೊಬ್ಬರಾಗಿ ಎದ್ದರು. ಅಪ್ಪನೂ ಎದ್ದು ಬೇರೆ ಸಾಲಿಗೆ ಹೋದ. ಅವಳ ಬಳಿ ನಾನೊಬ್ಬಳೇ ಉಳಿದೆ. ಅಮ್ಮ ಅವಸರಪಡದೆ ಉಂಡಳು. ಪಾಯಸವನ್ನು ಕೇಳಿ ಇನ್ನೊಮ್ಮೆ ಬಡಿಸಿಕೊಂಡಳು.

ಅಮ್ಮ ತೀರಿಹೋಗಿ ವರ್ಷಗಳಾದವು. "ನಿಮ್ಮಮ್ಮ ಅವತ್ತು ನನ್ ಮರ್ವಾದೆ ಕಳದ್ಲು" ಎಂದು ಅಪ್ಪ ಈಗಲೂ ಹೇಳುತ್ತಾನೆ. ಬಸ್ಸಿನ ಹೆಂಗಸಿನ ವಿಷಯ ಹೇಳಿದಾಗ ಇವತ್ತೂ ಅದನ್ನೇ ಅಂದ.

"ನೀನ್ಯಾಕಪ್ಪ ಅವತ್ತು ಎದ್ದೋದೆ?" ಎಂದು ಮೊದಲ ಸಲ ಕೇಳಿದೆ.

ಅವನು ಟೀವಿಯ ಸದ್ದು ಜಾಸ್ತಿ ಮಾಡಿದ.